ಕೂಸಿನ ಹೆಸರಿನ ಮಾಲೆ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆಯ ಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆ ಹಾಕಿ, ಮೇಲೆ ಹೆಸರು ಬರೆದಾಗಿತ್ತು. ಓದಿದ್ದು ಮಾತ್ರ ಒಂದೂವರೆ ತಿಂಗಳು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಥೆ ಕೇಳಿದವರು 'ಪಾಪ' ಎಂದು ತಲೆ ಅಲ್ಲಾಡಿಸುತ್ತಾರೆ. ಪಾಪ ಎನಿಸಿಕೊಳ್ಳುವಂಥ ಬಾಳು ನಾನು ಬಾಳಿಲ್ಲ. ಆ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಗೆ ಒಂದು ಇಂಗ್ಲಿಷ್ ಶಬ್ದ ಬಂತು. ಡಾಕ್ಟರರ ಚೀಟಿಯ ಮೇಲೆ ಬಂತು. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಓದಿದೆ, ಆದರೆ ಅರ್ಥ ತಿಳಿಯುವುದಕ್ಕೆ ಒಂಬತ್ತು ದಿನ ಹಿಡಿಯಿತು. ಇಷ್ಟು ವರ್ಷದ ಮೇಲೆ ಈಗ ಆ ಶಬ್ದವನ್ನು ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ: ಹೆಪಟೈಟಿಸ್. ಆದರೂ ಎಲ್ಲಿಯಾದರೂ ಗೋಡೆಯ ಮೇಲೆ, ದವಾಖಾನೆಯ ಬೋರ್ಡಿನ ಮೇಲೆ ಕಂಡರೆ ನಿಂತು ಒಂದೊಂದೇ ಅಕ್ಷರ ಓದುತ್ತೇನೆ.

ಭಾಂಡುಪದ ಗುಡ್ಡದ ಬದಿಯ ಚಾಳಿನಲ್ಲಿ ನಮ್ಮದು ಒಂದೂವರೆ ಖೋಲಿ. ಮುಂದಿನದು ಹಗಲು ಖಾನಾವಳಿ, ರಾತ್ರಿ ನಮ್ಮ ಮಲಗುವ ಮನೆ. ಹಿಂದಿನ ಅರ್ಧ ಅಡುಗೆಯದು. ನಡುವೆ ಗೋಡೆ ಇರಲಿಲ್ಲ, ಅವ್ವನ ಹಳೆಯ ಇಳಕಲ್ ಸೀರೆಯೊಂದನ್ನು ಪರದೆ ಮಾಡಿ ಕಟ್ಟಿದ್ದರು. ವಿಜಯಪುರ, ಕಲಬುರಗಿ ಕಡೆಯ ಇಪ್ಪತ್ತೆರಡು ಜನ ನಮ್ಮಲ್ಲಿ ಉಣ್ಣುತ್ತಿದ್ದರು. ಗೌಂಡಿಗಳು, ಪಾಯ ತೋಡುವವರು, ಒಬ್ಬಿಬ್ಬರು ವಾಚ್‌ಮನ್ನರು. ಅಪ್ಪ ದುಡಿಯುತ್ತಿದ್ದ ಕಾರಖಾನೆ ಮುಚ್ಚಿದ ಮೇಲೆ ಈ ಖಾನಾವಳಿಯೇ ನಮ್ಮನ್ನು ಸಾಕಿದ್ದು. ಅವ್ವ ಪರದೆಯ ಹಿಂದೆ ಇದ್ದಿಲ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಳು, ಅಪ್ಪ ಒಯ್ದು ತಾಟಿಗೆ ಹಾಕುವನು. ಅವ್ವ ಉಣ್ಣುವವರ ಮುಖ ನೋಡಿದ್ದು ಕಡಿಮೆ. ದನಿ ಕೇಳಿ ಯಾರು ಬಂದರೆಂದು ಹೇಳುತ್ತಿದ್ದಳು. ಕೆಮ್ಮಿದರೆ ಸಿದ್ದಪ್ಪ, ಬಾಗಿಲಲ್ಲೇ ನಕ್ಕರೆ ಗೌಂಡಿ ಬಸಣ್ಣ. ಯಾರಿಗೆ ಎಷ್ಟು ರೊಟ್ಟಿ ಬೇಕು, ಇಂದು ಯಾರು ಒಂದು ಕಡಿಮೆ ಉಂಡರು, ಯಾಕೆ, ಎಲ್ಲ ಆಕೆಯ ತಲೆಯಲ್ಲಿ ಇರುತ್ತಿತ್ತು. 'ಬಸಣ್ಣ ಇವತ್ತ ನಾಕಕ್ಕ ನಿಲ್ಲಿಸ್ಯಾನ, ಊರಿಂದ ಕಾಗದ ಬಂದಿರಬೇಕು' ಎಂದು ಪರದೆಯ ಹಿಂದಿನಿಂದಲೇ ಹೇಳುವಳು. ಅದು ನಿಜವೂ ಆಗಿರುತ್ತಿತ್ತು.

ನಾನು ಹುಟ್ಟಿ ಹದಿಮೂರು ವರ್ಷದ ಮೇಲೆ ಅವ್ವ ಮತ್ತೆ ಬಸುರಿಯಾಗಿದ್ದಳು. ಅಪ್ಪ ತಂಬಾಕು ಬಿಟ್ಟ. ಚಾಳಿನ ಹೆಂಗಸರು ಹುಳಿ, ಉಪ್ಪಿನಕಾಯಿ ತಂದುಕೊಟ್ಟರು. ನನಗೆ ನಾಚಿಕೆಯೂ ಆಗುತ್ತಿತ್ತು, ಒಳಗೊಳಗೆ ಖುಷಿಯೂ ಆಗುತ್ತಿತ್ತು. ತಂಗಿಯೇ ಆಗಲಿ ಎಂದು ಯಾರಿಗೂ ಹೇಳದೆ ಬೇಡಿಕೊಂಡಿದ್ದೆ. ಏಳನೆಯ ತಿಂಗಳಲ್ಲಿ ಆಕೆಗೆ ಜ್ವರ ಬಂತು. ಒಗ್ಗರಣೆಯ ವಾಸನೆಗೆ ವಾಂತಿ ಮಾಡುವಳು. ಬಸುರಿಗೆ ಇದೆಲ್ಲ ಇರುವುದೇ ಎಂದು ಮನೆಯಲ್ಲಿ ಸುಮ್ಮನಿದ್ದರು. ಒಂದು ಮುಂಜಾನೆ ನಾನು ಶಾಲೆಗೆ ಹೊರಟು ನಿಂತಾಗ ಆಕೆ ಹಂಚಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಬಾಗಿಲಿನ ಬೆಳಕು ನೇರ ಮುಖಕ್ಕೆ ಬಿದ್ದಿತ್ತು. ಕಣ್ಣಿನ ಬಿಳಿ ಭಾಗ ಕುಸುಬಿ ಹೂವಿನ ಬಣ್ಣಕ್ಕೆ ತಿರುಗಿತ್ತು. ಆ ಕ್ಷಣದಲ್ಲಿ ನನಗೆ ಅವ್ವನ ಮುಖದ ಹಿಂದೆ ಬೇರೆ ಯಾರೋ ಕೂತು ನೋಡುತ್ತಿರುವಂತೆ ಅನಿಸಿತು.

ಗಲ್ಲಿಯ ಡಾಕ್ಟರರು ಕಣ್ಣು ನೋಡಿದರು, ಬಲಗಡೆ ಪಕ್ಕೆಯ ಕೆಳಗೆ ಒತ್ತಿದರು, ಚೀಟಿಯ ಮೇಲೆ ಆ ಶಬ್ದ ಬರೆದರು. ಅವರು ಮಾತಾಡಿದ್ದು ಹಿಂದಿಯಲ್ಲಿ. ಬಸುರಿ ಇದ್ದಾಳೆ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ರಕ್ತ ನೋಡಬೇಕು ಎಂದರು. ಅಪ್ಪ ಔಷಧ ಕೇಳಿದ. ಇದಕ್ಕೆ ಅಂಥ ಔಷಧ ಇಲ್ಲ, ಮಲಗಿಸಿ ಕಣ್ಣಿಟ್ಟು ಕಾಯಬೇಕು ಅಷ್ಟೇ ಎಂದು ಅವರು ಹೇಳಿದರು. ಅಪ್ಪನ ಕಿವಿಗೆ ಬಿದ್ದದ್ದು 'ಔಷಧ ಇಲ್ಲ' ಎನ್ನುವ ಎರಡು ಮಾತು. ಕಣ್ಣಿಟ್ಟು ಕಾಯುವುದೂ ಒಂದು ಚಿಕಿತ್ಸೆ, ಅದಕ್ಕೆ ಆಸ್ಪತ್ರೆಯ ಕಣ್ಣೇ ಬೇಕು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಔಷಧವೇ ಇಲ್ಲದ ಮೇಲೆ ಆಸ್ಪತ್ರೆಗೆ ಯಾಕೆ ಹೋಗಬೇಕು ಎಂದು ಅಪ್ಪ ದಾರಿಯುದ್ದಕ್ಕೂ ಅಂದುಕೊಳ್ಳುತ್ತ ಬಂದ. ಅಂದು ಮಧ್ಯಾಹ್ನವೇ ನಾನು ನಮ್ಮ ಕನ್ನಡ ಶಾಲೆಯ ಕಪಾಟಿನಲ್ಲಿದ್ದ ದಪ್ಪ ನಿಘಂಟು ತೆಗೆಸಿ ಆ ಶಬ್ದ ಹುಡುಕಿದೆ. 'ಯಕೃತ್ತಿನ ಉರಿಯೂತ' ಎಂದಿತ್ತು. ಅದನ್ನು ಅಂಗೈ ಮೇಲೆ ಬರೆದುಕೊಂಡು ಓಡಿ ಬಂದು ಅಪ್ಪನಿಗೆ ಓದಿ ಹೇಳಿದೆ.

"ಕನ್ನಡದಾಗ ಹೇಳಲೇ."

"ಕನ್ನಡಾನ ಐತಿ ಅಪ್ಪಾ."

ಅಪ್ಪ ನನ್ನ ಅಂಗೈಯನ್ನು ಹಿಡಿದು ತಿರುಗಿಸಿ ನೋಡಿ, ಬಿಟ್ಟುಬಿಟ್ಟ. ಓದಿದವರ ಕನ್ನಡವೂ ನಮ್ಮ ಮನೆಯೊಳಗೆ ಬರಲಿಲ್ಲ. ಬಂದದ್ದು ಪಕ್ಕದ ಖೋಲಿಯ ಮಾವಶಿ. ಆಕೆ ಮರಾಠಿಯವಳು, ನನ್ನ ಅವ್ವನಿಗಿಂತ ಹತ್ತು ವರ್ಷ ಹಿರಿಯಳು. ನಮ್ಮದೂ ಆಕೆಯದೂ ಒಂದೇ ಗೋಡೆ. ಆಕೆ ಅವ್ವನ ಉಗುರು ಒತ್ತಿ ನೋಡಿ 'ಕಾವೀಳ' ಎಂದಳು. ನಾವು ಅದಕ್ಕೆ, ಅಂದರೆ ಕಾಮಾಲೆಗೆ, ಕಾಮಣಿ ಎನ್ನುತ್ತೇವೆ. ಪಕ್ಕದ ಸಾಲಿನ ಹಿಂದಿ ಮಾತಿನ ಭಯ್ಯಾಗಳು ಪೀಲಿಯಾ ಎನ್ನುತ್ತಾರೆ. ಮೂರು ಹೆಸರೂ ಹಳದಿ ಬಣ್ಣದವೇ, ಮೂರಕ್ಕೂ ಮನೆಮದ್ದು ಗೊತ್ತು, ಮೂರನ್ನೂ ಕಂಡವರು ಚಾಳಿನಲ್ಲಿ ಇದ್ದರು. ಡಾಕ್ಟರರು ಬರೆದದ್ದು ಯಾವುದೋ ಬೇರೆ, ಇದು ಕಾಮಣಿ ಎಂದು ಮನೆಯಲ್ಲಿ ತೀರ್ಮಾನ ಆಯಿತು. ಗೊತ್ತಿದ್ದ ಹೆಸರು ಸಿಕ್ಕಿತಲ್ಲ ಎಂದು ನನಗೂ ಆ ದಿನ ಧೈರ್ಯವೇ ಬಂದಿತ್ತು.

ಸ್ಟೇಷನ್ನಿನ ಹಾದಿಯ ಒಂದು ಓಣಿಯಲ್ಲಿ ಕಾಮಣಿಯ ಮಾಲೆ ಕಟ್ಟುವ ಮುದುಕ ಇದ್ದ. ಶನಿವಾರ ಮುಂಜಾನೆ ಬರಿಹೊಟ್ಟೆಯಲ್ಲಿ ಹೋಗಬೇಕು. ಮರುದಿನವೇ ಶನಿವಾರ; ನಾನು, ಅಪ್ಪ ಇಬ್ಬರೂ ಹೋದೆವು. ಆತ ಯಾವುದೋ ಬಳ್ಳಿಯ ಹಸಿ ಕಡ್ಡಿಗಳನ್ನು ಬೆರಳಿನ ಗೆಣ್ಣಿನಷ್ಟು ತುಂಡು ಮಾಡಿ, ಸೂಜಿ ಇಲ್ಲದೆ, ಅವ್ವನ ಹೆಸರು ಹೇಳುತ್ತ, ಬಿಳಿ ದಾರದ ಗಂಟುಗಳ ನಡುವೆ ಒಂದೊಂದಾಗಿ ಸಿಕ್ಕಿಸುತ್ತ ಹೋದ. ಮುಗಿದಾಗ ಅದು ತಲೆಯ ಮೇಲೆ ಸಿಂಬಿಯಂತೆ ಕೂರುವಷ್ಟು ಸಣ್ಣ ಮಾಲೆ. ರೋಗಿಯ ತಲೆಯ ಮೇಲೆ ಇಟ್ಟರೆ ದಿನದಿನಕ್ಕೆ ಉದ್ದವಾಗಿ ಕೊರಳಿಗೆ ಇಳಿಯುತ್ತದೆ, ಎದೆಗೆ ಇಳಿಯುತ್ತದೆ, ಹೊಕ್ಕುಳ ದಾಟಿದರೆ ಕಾಮಣಿ ಮೈಯಿಂದ ಇಳಿದಂತೆ. ಅಪ್ಪ ಹಿಂಜರಿಯುತ್ತ ಇನ್ನೊಂದು ಮಾಲೆ ಕೇಳಿದ, ಹೊಟ್ಟೆಯಲ್ಲಿರುವ ಕೂಸಿಗೆ. ಮುದುಕ ಮೊದಲ ಸಲ ತಲೆಯೆತ್ತಿ ನೋಡಿದ. ಅಂಥದ್ದನ್ನು ಯಾರೂ ಕೇಳಿರಲಿಲ್ಲವೇನೋ. ನಗಲಿಲ್ಲ; ಇನ್ನೊಂದನ್ನು, ಅಂಗೈ ಅಗಲದ್ದನ್ನು, ಕಟ್ಟಿಕೊಟ್ಟ. ಕೂಸಿಗೆ ತಲೆ ಇನ್ನೂ ಹೊರಗೆ ಬಂದಿಲ್ಲ, ತಾಯಿ ಮಲಗುವ ಕಡೆ ಮೊಳೆಗೆ ಹಾಕಿ ಎಂದ. ನಿಯಮಗಳನ್ನೂ ಹೇಳಿದ. ಎಣ್ಣೆ ಇಲ್ಲ, ಉಪ್ಪು ಕಡಿಮೆ. ಮಾಲೆಯನ್ನು ಮುಟ್ಟಬಾರದು, ಗೇಣು ಹಾಕಿ ಅಳೆಯಬಾರದು. ಮನೆಯಲ್ಲಿ ಯಾರಾದರೂ ಸಂಶಯಪಟ್ಟರೆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಈ ಕೊನೆಯದನ್ನು ಆತ ನನ್ನನ್ನು ನೋಡಿ ಹೇಳಿದ ಎಂದು ನನಗೆ ಅನಿಸಿತು.

ಅವ್ವನನ್ನು ಪರದೆಯ ಹಿಂದೆ, ಒಲೆಯ ಎದುರು ಗೋಡೆಗೆ ಮಲಗಿಸಿದರು. ಮುಂದಿನ ಖೋಲಿಗೆ ಆಕೆಯನ್ನು ತರುವಂತಿರಲಿಲ್ಲ. ಖಾನಾವಳಿಯ ಮನೆಯಲ್ಲಿ ಕಾಮಣಿ ಎಂದು ಒಬ್ಬನ ಕಿವಿಗೆ ಬಿದ್ದರೆ ಮರುದಿನ ಇಪ್ಪತ್ತೆರಡು ತಾಟು ಖಾಲಿ. ಆಕೆಗೆ ಬಸುರಿನ ದಣಿವು ಎಂದು ಅಪ್ಪ ಎಲ್ಲರಿಗೂ ಹೇಳಿದ. ಪಲ್ಯ, ಬೇಳೆ ಮಾವಶಿ ಮಾಡಿದಳು. ರೊಟ್ಟಿ ನನ್ನ ಪಾಲಿಗೆ ಬಂತು. ನಾನು ಶಾಲೆಗೆ ಹೋಗುವುದನ್ನು ನಿಲ್ಲಿಸಿದ್ದು ಆ ಸೋಮವಾರ. ನಾಲ್ಕು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ನನ್ನ ಮೊದಲ ರೊಟ್ಟಿಗಳು ದುಂಡಗಾಗಲಿಲ್ಲ. ಬಸಣ್ಣ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಇದು ನಮ್ಮ ಜಿಲ್ಲೆಯ ನಕಾಶೆ, ಇಂಡಿ ತಾಲೂಕು ಪೂರಾ ಸುಟ್ಟಿದೆ ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತ ಪರದೆಯ ಕಡೆ ನೋಡಿದೆ. ಇಂಥ ಮಾತಿಗೆ ಅವ್ವ ಒಳಗಿನಿಂದಲೇ ತಿರುಗಿ ಕೊಡುತ್ತಿದ್ದಳು. ಅಂದು ಏನೂ ಬರಲಿಲ್ಲ.

ಮಾಲೆ ಇಳಿಯುತ್ತಿತ್ತು. ಮಂಗಳವಾರ ಅದು ಕೊರಳಿನಲ್ಲಿತ್ತು, ಬುಧವಾರ ಎದೆಯ ಮೇಲೆ. ಮುಂಜಾನೆ ಎದ್ದ ಕೂಡಲೇ ಅಪ್ಪ, ಮಾವಶಿ, ನಾನು ಮೂವರೂ ನೋಡುತ್ತಿದ್ದದ್ದು ಅದನ್ನೇ, ಆಕೆಯ ಮುಖವನ್ನಲ್ಲ. ಆಕೆ ಹಗಲೂ ಮಲಗುತ್ತಿದ್ದಳು. ಎಬ್ಬಿಸಿದರೆ ಕಬ್ಬಿನ ಹಾಲು ಕುಡಿದು ಮತ್ತೆ ಮಲಗುವಳು. ಒಳ್ಳೆಯದಾಯಿತು, ಮೈಗೆ ಆರಾಮ ಸಿಗುತ್ತಿದೆ ಎಂದು ಮಾವಶಿ ಹೇಳಿದಳು. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವ್ವ ತಾನಾಗಿ ಎದ್ದು ಒಲೆಯ ಮುಂದೆ ಬಂದು ಕೂತಳು. ಅಪ್ಪನ ಮುಖ ಅರಳಿತು. ಆಕೆ ಬೇಳೆಗೆ ಉಪ್ಪು ಹಾಕಿದಳು. ಸೌಟಿನಿಂದ ತಿರುವಿ ಮತ್ತೆ ಉಪ್ಪು ಹಾಕಿದಳು. ನಾನು ನೋಡುತ್ತಿದ್ದಂತೆ ಮೂರನೆಯ ಸಲ ಡಬ್ಬಿಗೆ ಕೈ ಹಾಕಿದಳು. ಹೊರಗೆ ಬಡಿಸಿದಾಗ ಬಸಣ್ಣ ಕೂಗಿದ:

"ಅಕ್ಕಾರ, ಅರಬ್ಬಿ ಸಮುದ್ರ ದಾದರದ ತನಕ ಬಂದೈತಿ ಅಂತ ಕೇಳಿದ್ನಿ. ಇವತ್ತ ಭಾಂಡುಪಕೂ ಬಂತಲ್ಲ."

ಅವ್ವ ಪರದೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಆ ದನಿ ಆಲಿಸಿದಳು. ಆಮೇಲೆ ನನಗೆ ಮಾತ್ರ ಕೇಳುವಂತೆ ಕೇಳಿದಳು:

"ಅಂವ ಯಾರು?"

ಆರು ವರ್ಷದಿಂದ ದಿನಕ್ಕೆ ಎರಡು ಸಲ ಕೇಳಿದ ದನಿ ಅದು. ನಾನು 'ಬಸಣ್ಣ' ಎಂದೆ. 'ಹೌದೇನು' ಎಂದು ಮತ್ತೆ ಮಲಗಿದಳು. ಈ ಮಾತನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

ಕೂಸಿನ ಮಾಲೆ ಒಲೆಯ ಮಗ್ಗುಲಲ್ಲೇ ಮೊಳೆಗೆ ಇತ್ತು. ಅದು ಅವ್ವನ ಮಾಲೆಗಿಂತ ಬೇಗ ಇಳಿಯುತ್ತಿತ್ತು. ಅಂಗೈ ಅಗಲ ಇದ್ದದ್ದು ಬುಧವಾರಕ್ಕೆ ಮೊಳದುದ್ದ ಜೋತಿತ್ತು. ಕೂಸು ತಾಯಿಗಿಂತ ಗಟ್ಟಿ ಎಂದು ಅಪ್ಪ ಹೆಮ್ಮೆಪಟ್ಟ. ನಾನು ಹಂಚಿನ ಮುಂದೆ ಕೂತು ಅದನ್ನೇ ನೋಡುತ್ತಿದ್ದೆ. ಒಲೆಯ ಮೇಲಿನ ಹಲಗೆಯಲ್ಲಿ ಕರಿಬೇವು, ಹಸಿಮೆಣಸಿನಕಾಯಿ ಇಟ್ಟರೆ ಎರಡು ದಿನಕ್ಕೆ ಮುದುಡಿ ಅರ್ಧವಾಗುತ್ತವೆ; ಅಡುಗೆ ಮನೆಯಲ್ಲಿ ಬೆಳೆದವನಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಕಡ್ಡಿ ಒಣಗಿ ಸಣ್ಣದಾದರೆ ಗಂಟು ಸಡಿಲವಾಗುತ್ತದೆ, ಗಂಟು ಸಡಿಲವಾದರೆ ದಾರ ಇಳಿಯುತ್ತದೆ. ಈ ಯೋಚನೆ ಬಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಸಂಶಯಪಟ್ಟೆನಲ್ಲ. ಎದ್ದು ಹೋಗಿ ಅವ್ವನ ಮಾಲೆ ನಿಂತುಬಿಟ್ಟಿದೆಯೇ ಎಂದು ನೋಡಿದೆ. ಗೊತ್ತಾಗಲಿಲ್ಲ.

ಗುರುವಾರ ಮುಂಜಾನೆ ಮೆಂತ್ಯ ಸೊಪ್ಪು ಬಿಡಿಸಿದ ಮೇಲೆ ಉಳಿದ ದಂಟುಗಳನ್ನು ಎತ್ತಿಟ್ಟುಕೊಂಡೆ. ಬೆರಳಿನ ಗೆಣ್ಣಿನಷ್ಟು ಕತ್ತರಿಸಿ, ಪೊಟ್ಟಣದ ದಾರದಲ್ಲಿ, ಆ ಮುದುಕ ಕಟ್ಟಿದಂತೆಯೇ ಗಂಟು ಹಾಕಿ ಮಾಲೆ ಮಾಡಿದೆ. ಯಾರ ಹೆಸರೂ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ಒಲೆಯ ಹಿಂದೆ, ಹಿಟ್ಟಿನ ಡಬ್ಬಿಯ ಮರೆಗೆ ಜೋತುಬಿಟ್ಟೆ. ಇಳಿಯದೆ ಇರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಶುಕ್ರವಾರ ಮುಂಜಾನೆ ಡಬ್ಬಿ ಸರಿಸಿ ನೋಡಿದರೆ ನಾಲ್ಕು ಬೆರಳು ಇಳಿದಿತ್ತು. ಮೆಂತ್ಯದ ದಂಟಿಗೆ ಯಾವ ಕಾಮಣಿ? ಹಾಗಾದರೆ ಅವ್ವನ ಎದೆಯ ಮೇಲೆ ಇಳಿಯುತ್ತಿದ್ದದ್ದು ರೋಗವಲ್ಲ. ಮಾಲೆ ಇಳಿಯುತ್ತಿತ್ತು, ರೋಗ ಏರುತ್ತಿತ್ತು.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಶುಕ್ರವಾರ ಹೇಳಲಿಲ್ಲ, ಶನಿವಾರವೂ ಹೇಳಲಿಲ್ಲ. ಯಾಕೆ ಎಂದು ನನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಅಪ್ಪ ಹೊಡೆದಾನು ಎಂದೂ ಅಲ್ಲ, ಖಾನಾವಳಿ ಮುಚ್ಚೀತು ಎಂದೂ ಅಲ್ಲ. ನನ್ನ ಸಂಶಯವೇ ಅವ್ವನನ್ನು ಕೊಲ್ಲುತ್ತದೆ ಎಂದು ಭಯವಾಗಿತ್ತು. ಕಣ್ಣಾರೆ ಕಂಡ ಮೇಲೂ ಮುದುಕನ ನಿಯಮ ನನ್ನೊಳಗೆ ಹಾಗೇ ಕೂತಿತ್ತು. ಶನಿವಾರ ಇಡೀ ದಿನ ಮೆಂತ್ಯದ ಮಾಲೆಯ ಕಡೆ ನೋಡದೆ ರೊಟ್ಟಿ ಬಡಿದೆ. ಅಂದು ರೊಟ್ಟಿಗಳು ದುಂಡಗೆ ಬಂದವು. ಬಸಣ್ಣ ಶಾಬಾಸ್ ಅಂದ.

ಭಾನುವಾರ ಎಲ್ಲರಿಗೂ ರಜೆ, ಎಲ್ಲರೂ ಒಟ್ಟಿಗೆ ಊಟಕ್ಕೆ ಬರುವ ದಿನ. ಹೊರಗೆ ಎರಡು ಸಾಲು ಕೂತಿದ್ದರು. ನಾನು ಒಳಗೆ ಅವ್ವನಿಗೆ ನೀರು ಕುಡಿಸಲು ತಲೆ ಎತ್ತಿ ಹಿಡಿದೆ. ಮಾಲೆ ಹೊಟ್ಟೆಯ ಮೇಲೆ ಬಂದಿತ್ತು. ಆಕೆ ಕಣ್ಣು ತೆರೆದು ನನ್ನನ್ನು ನೋಡಿದಳು. ಪರರ ಮನೆಯ ಹುಡುಗನನ್ನು ನೋಡಿದಂತೆ, ಪ್ರೀತಿಯಿಂದಲೇ, ನೋಡಿದಳು.

"ಯಾರ ಮಗಾನೋ ನೀ? ಉಂಡೀಯೇನು?"

ನಾನು ಆಕೆಯ ತಲೆಯನ್ನು ದಿಂಬಿನ ಮೇಲೆ ಇಟ್ಟು, ಡಬ್ಬಿಯ ಹಿಂದಿನ ಮಾಲೆ ಕಿತ್ತುಕೊಂಡು ಅಪ್ಪನ ಮುಂದೆ ಹಿಡಿದೆ. ಇದು ಮೆಂತ್ಯದ್ದು, ಯಾರ ಹೆಸರಿಗೂ ಕಟ್ಟಿದ್ದಲ್ಲ, ಇದೂ ಇಳಿದಿದೆ, ಅವ್ವ ನನ್ನ ಗುರುತು ಮರೆತಿದ್ದಾಳೆ ಎಂದೆ. ಅಪ್ಪ ಮಾಲೆಯನ್ನು ನೋಡಿದ. ಅವನಿಗೆ ತಿಳಿಯಿತು ಎಂದು ಅವನ ಮುಖ ನೋಡಿದರೆ ನನಗೆ ಗೊತ್ತಾಯಿತು. ಆದರೂ ಅವನು ನನ್ನ ಕೈಯನ್ನು ಮುಚ್ಚಿ ಹಿಡಿದ. ಮೆಲ್ಲಗೆ ಮಾತಾಡು, ಹೊರಗೆ ಮಂದಿ ಇದ್ದಾರೆ ಎಂದ. ಹೊಕ್ಕುಳ ದಾಟುವುದು ಇನ್ನೊಂದೇ ದಿನ, ನಾಳೆ ನೋಡೋಣ ಎಂದ. ನನ್ನ ಅಪ್ಪ ಕೆಟ್ಟವನಲ್ಲ. ಅವನೂ ನನ್ನಂತೆ ಹೆದರಿದ್ದ, ಅಷ್ಟೇ. ಹೆದರಿದವನಿಗೆ ನಾಳೆ ಎನ್ನುವುದು ದೊಡ್ಡ ಆಸರೆ. ನಾನು ಕೈ ಬಿಡಿಸಿಕೊಂಡು ಪರದೆ ಸರಿಸಿ ಊಟದ ಸಾಲುಗಳ ನಡುವೆ ಹೋಗಿ ನಿಂತೆ.

"ನಮ್ಮವ್ವಗ ಕಾಮಣಿ ಆಗೇತಿ. ಒಂಬತ್ತ ದಿನ ಆತು, ನಿಮ್ಮಿಂದ ಮುಚ್ಚಿಟ್ಟೀವಿ. ಈಗ ಆಕಿಗೆ ನನ್ನ ಗುರುತ ಸಿಗವಲ್ತು. ದವಾಖಾನಿಗೆ ಹೊರಾಕ ನಾಕ ಮಂದಿ ಬೇಕ್ರಿ."

ತುತ್ತುಗಳು ಬಾಯಿಯ ಹತ್ತಿರ ನಿಂತವು. ಒಬ್ಬ ಬಾಯಲ್ಲಿದ್ದದ್ದನ್ನು ತಾಟಿಗೆ ಉಗುಳಿದ. ಬಾಗಿಲಲ್ಲಿ ಚಪ್ಪಲಿಗಳ ಸದ್ದು ಶುರುವಾಯಿತು, ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಸಣ್ಣ ತಾಟಿನಲ್ಲಿದ್ದ ಕೊನೆಯ ತುಣುಕನ್ನು ತಿಂದು, ಕೈ ತೊಳೆದು, ಅಂಗಿಗೆ ಒರೆಸಿಕೊಳ್ಳುತ್ತ ಪರದೆಯೊಳಗೆ ಬಂದ. ಆರು ವರ್ಷ ಆಕೆಯ ಕೈ ರೊಟ್ಟಿ ಉಂಡವನು ಆಕೆಯ ಮುಖ ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. 'ಯಕ್ಕಾ' ಎಂದ ಒಂದು ಸಲ. ಆಮೇಲೆ ಅವನ ಬಾಯಿಂದ ನಗೆಮಾತು ಎಷ್ಟೋ ದಿನ ಬರಲಿಲ್ಲ. ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ ಆಕೆಯನ್ನು ಮಲಗಿಸಿ, ಗುಡ್ಡದ ಮೆಟ್ಟಿಲು ಇಳಿದು, ಕೆಳಗೆ ರಿಕ್ಷಾದವರೆಗೆ ನಾಲ್ಕು ಜನ ಹೊತ್ತರು. ಮಳೆ ಜಿಟಿಜಿಟಿ ಬೀಳುತ್ತಿತ್ತು. ನಾನು ಮುಂದೆ ಓಡುತ್ತ ದಾರಿ ಬಿಡಿಸಿದೆ.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರರೊಬ್ಬರು ಅವ್ವನಿಗೆ ಎರಡೂ ಕೈ ಮುಂದೆ ಚಾಚಿ, ಗಾಡಿ ನಿಲ್ಲಿಸುವಂತೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಆಕೆ ಎತ್ತಿದಳು. ಅಂಗೈಗಳು ತಾವಾಗಿ ಬಡಿಯತೊಡಗಿದವು, ಕೆಳಗೆ ಮೇಲೆ, ಕೆಳಗೆ ಮೇಲೆ. ರೊಟ್ಟಿ ಬಡಿಯುತ್ತಿದ್ದಾಳೆ ಎಂದುಕೊಂಡೆ. ಆಕೆಗೆ ಕೆಲಸ ನೆನಪಾಯಿತು, ಗುಣವಾಗುತ್ತಾಳೆ ಎಂದು ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಡಾಕ್ಟರರು ಆ ಕೈಗಳನ್ನು ನೋಡಿ ಪಕ್ಕದವರಿಗೆ ಏನೋ ಅಂದರು, ಎಲ್ಲರೂ ಒಮ್ಮೆಲೇ ಓಡಾಡತೊಡಗಿದರು. ಲಿವರ್ ಕೆಲಸ ಬಿಟ್ಟಾಗ ವಿಷ ತಲೆಗೆ ಏರಿ ಕೈ ಹಾಗೆ ಬಡಿಯುತ್ತವಂತೆ. ಅಂದಿನಿಂದ ನನಗೆ ರೊಟ್ಟಿ ಬಡಿಯುವ ಸದ್ದು ಎರಡು ಥರ ಕೇಳಿಸುತ್ತದೆ.

ನರ್ಸ್ ಒಬ್ಬಾಕೆ ನಮ್ಮ ಕಡೆಯವಳು, ಮುದ್ದೇಬಿಹಾಳದ ಹತ್ತಿರದವಳು. ಆಕೆ ಕತ್ತರಿಯಿಂದ ಮಾಲೆ ಕತ್ತರಿಸಿ ಅಪ್ಪನ ಕೈಗೆ ಕೊಟ್ಟಳು. ಇದು ಕಾಮಣಿ ಹೌದೋ ಅಲ್ಲವೋ ಎಂದು ಅಪ್ಪ ಕೇಳಿದ. ನಾನು ಕಿಸೆಯಿಂದ ಆ ಚೀಟಿ ತೆಗೆದು ಆಕೆಗೆ ತೋರಿಸಿದೆ. ಆಕೆ ಓದಿ, ತಾರೀಖನ್ನೂ ನೋಡಿ, ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದಳು.

"ಕಾಮಣಿ ಅಂದ್ರ ಬಣ್ಣ ಅಷ್ಟ ರೀ ಕಾಕಾ. ಹೊಗಿ ಇದ್ದಂಗ. ಬೆಂಕಿ ಒಳಗ ಹತ್ತೈತಿ, ಕಲೇಜಿ, ಅಂದ್ರ ಲಿವರ್, ಬಾತೈತಿ. ಆ ಬೆಂಕಿಗೆ ಇಲ್ಲಿ ಹೆಪಟೈಟಿಸ್ ಅಂತ ಬರದಾರ. ನೀವು ಹೊಗಿಗೆ ಮಾಲಿ ಹಾಕಿ ಕುಂತೀರಿ."

ನಿಘಂಟಿಗೆ ಆಗದ ಕೆಲಸ ಆಕೆಯಿಂದ ಆಯಿತು. ಒಲೆಯ ಮುಂದೆ ಬೆಳೆದ ನನಗೆ ಹೊಗೆ ಯಾವುದು, ಬೆಂಕಿ ಯಾವುದು ಎಂದು ಇನ್ನು ಹೇಳಬೇಕಿರಲಿಲ್ಲ. ಆಕೆ ಇನ್ನೂ ಹೇಳಿದಳು. ಈ ಬೆಂಕಿ ಹಚ್ಚುವ ಕ್ರಿಮಿಗಳು ಐದಾರು ಥರ, ಒಂದೊಂದಕ್ಕೆ ಇಂಗ್ಲಿಷಿನ ಒಂದೊಂದು ಅಕ್ಷರ ಇಟ್ಟಿದ್ದಾರೆ. ಕೆಲವು ರಕ್ತದಿಂದ, ಕೆಲವು ಹೊಲಸು ನೀರಿನಿಂದ ಬರುತ್ತವೆ. ಅವ್ವನದು ನೀರಿನದು, 'ಇ' ಅಕ್ಷರದ್ದು ಎಂದು ಆಮೇಲೆ ರಕ್ತ ನೋಡಿ ತಿಳಿಸಿದರು. ಬೇರೆಯವರಿಗಾದರೆ ಬಹಳ ಸಲ ತಾನಾಗಿ ಇಳಿದುಹೋಗುವ ರೋಗ. ದಿನ ತುಂಬುತ್ತ ಬಂದ ಬಸುರಿಗೆ ಅದೇ ಪ್ರಾಣಕ್ಕೆ ಬರುತ್ತದೆ. ಹೀಗೆ ಮಂಕಾಗಿ ಎಷ್ಟು ದಿನವಾಯಿತು ಎಂದು ಆಕೆ ಕೇಳಿದಾಗ ಅಪ್ಪ ನನ್ನ ಕಡೆ ತಿರುಗಿದ. ನಾನು ಬುಧವಾರದಿಂದ ಎಂದೆ.

"ಎರಡ ದಿನಾ ಮೊದಲ ತಂದಿದ್ರ ಕೂಸಿನ್ನರ..."

ಮಾತು ಅಲ್ಲಿಗೇ ಬಿಟ್ಟು ನನ್ನ ತಲೆಯ ಮೇಲೆ ಕೈಯಿಟ್ಟು ಎದ್ದು ಹೋದಳು. ನಾನು ಬೆರಳು ಮಡಿಚಿ ಎಣಿಸಿದೆ. ಭಾನುವಾರದಿಂದ ಎರಡು ದಿನ ಹಿಂದೆ ಹೋದರೆ ಶುಕ್ರವಾರ.

ಮಂಗಳವಾರ ಮುಂಜಾನೆ ಅವ್ವನಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಅಳಲಿಲ್ಲ. ಅವ್ವನಿಗೆ ಹೆತ್ತದ್ದೂ ಗೊತ್ತಿರಲಿಲ್ಲ. ಅಪ್ಪ ಮತ್ತು ಬಸಣ್ಣ ಆ ಬಿಳಿ ಬಟ್ಟೆಯ ಗಂಟನ್ನು ಒಯ್ದರು. ನನ್ನನ್ನು ಅವ್ವನ ಹತ್ತಿರ ಬಿಟ್ಟರು. ಆಕೆ ಒಂದು ವಾರ ಕಣ್ಣು ತೆರೆಯಲಿಲ್ಲ. ಉಸಿರು ನಿಲ್ಲುತ್ತದೆ ಎಂದು ನಾನು ಆಕೆಯ ಹೊದಿಕೆ ಏಳುವುದು, ಬೀಳುವುದು ನೋಡುತ್ತ ಕೂತಿರುತ್ತಿದ್ದೆ. ಕಣ್ಣು ತೆರೆದ ದಿನ ಮೊದಲು ಹೊಟ್ಟೆ ಸವರಿಕೊಂಡಳು, ಆಮೇಲೆ ನನ್ನ ಹೆಸರು ಹಿಡಿದು ಕರೆದಳು. ನನ್ನ ಹೆಸರು ಕೇಳಿ ಸಂತೋಷಪಡಬೇಕೋ, ಆ ಕೈ ಹುಡುಕುತ್ತಿರುವುದನ್ನು ನೋಡಿ ಓಡಿಹೋಗಬೇಕೋ ತಿಳಿಯದೆ ಅಲ್ಲೇ ನಿಂತಿದ್ದೆ.

ಮುನ್ಸಿಪಾಲ್ಟಿಯವರು ಬಂದು ಅಗೆದು ನೋಡಿದಾಗ ನಮ್ಮ ಚಾಳಿನ ನೀರಿನ ಪೈಪು ಗಟಾರದೊಳಗೇ ಒಡೆದಿತ್ತು. ಆ ನೀರನ್ನು ಮನೆಗೆ ಹೊತ್ತು ತರುತ್ತಿದ್ದವನು ನಾನೇ. ಖಾನಾವಳಿಗೆ ಹದಿನಾಲ್ಕು ಜನ ತಿರುಗಿ ಬರಲಿಲ್ಲ. ಬಸಣ್ಣ ಮತ್ತು ಇನ್ನು ಏಳು ಜನ ಬಂದರು. ಎಂಟು ಜನಕ್ಕೆ ನಾನು ರೊಟ್ಟಿ ಬಡಿದೆ. ಅವ್ವನಿಗೆ ಮತ್ತೆ ಒಲೆಯ ಮುಂದೆ ಕೂರಲು ದೀಪಾವಳಿ ಬಂತು. ನಡುವೆ ಒಂದು ಸಲ ಶಾಲೆಯ ಸರ್ ಗುಡ್ಡ ಹತ್ತಿ ಬಂದು, ಓದು ಬಿಡಬೇಡ ಎಂದು ಬಹಳ ಹೊತ್ತು ಹೇಳಿದರು. ಹಿಟ್ಟು ನಾದುವುದಿದೆ ಸರ್ ಎಂದೆ. ಅವರಿಗೆ ಊಟ ಹಾಕಿ ಕಳಿಸಿದೆ, ಕಾಯಿಸಿ ಆರಿಸಿದ ನೀರು ಕೊಟ್ಟೆ. ಅವ್ವ ಮನೆಗೆ ಬಂದ ದಿನ ಒಲೆಯ ಮಗ್ಗುಲ ಮೊಳೆಯಲ್ಲಿ ಆ ಮಾಲೆ ಇನ್ನೂ ಇತ್ತು. ಇಳಿದಿಳಿದು ಹಿಟ್ಟಿನ ಡಬ್ಬಿಗೆ ಮುಟ್ಟಿತ್ತು. ತೆಗೆಯಲು ನಮ್ಮಿಬ್ಬರಿಗೂ ಕೈ ಬಂದಿರಲಿಲ್ಲ. ಯಾರದು ಎಂದು ಕೇಳಿದಳು. ಕೂಸಿನದು ಎಂದು ಅಪ್ಪ ಹೇಳಿದ. ಆಕೆ ಗೋಡೆ ಹಿಡಿದು ಹೋಗಿ, ಅದನ್ನು ತೆಗೆದು, ಸುತ್ತಿ ಅಂಗೈ ಅಗಲ ಮಾಡಿ ಒಲೆಗೆ ಹಾಕಿದಳು. ಒಣಗಿದ ಕಡ್ಡಿ, ಒಂದು ಗಳಿಗೆಯೂ ಹಿಡಿಯಲಿಲ್ಲ.

ಆ ಎರಡು ದಿನದ ಮಾತನ್ನು ನಾನು ಅವ್ವನಿಗೆ ಹೇಳಿದ್ದು ಅಪ್ಪ ತೀರಿಕೊಂಡ ಮೇಲೆ. ಆಕೆ ಮೊರದಲ್ಲಿ ಹೆಸರು ಆರಿಸುತ್ತಿದ್ದಳು. ಕೈ ನಿಂತಿತು, ಮತ್ತೆ ನಡೆಯಿತು.

ಈಗಲೂ ಮುಂಜಾನೆ ನನ್ನ ಖಾನಾವಳಿಗೆ ಕೆಲಸಕ್ಕೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕಣ್ಣು ನೋಡುತ್ತೇನೆ. ಸೇಠ್ ತಲೆ ತಿರುಗಿದೆ ಎಂದು ಹುಡುಗರು ಹಿಂದೆ ನಗುತ್ತಾರೆ, ಗೊತ್ತಿದೆ, ನಗಲಿ. ಹೋದ ಮಳೆಗಾಲ ಭಟ್ಟಿಯ ಮುಂದೆ ನಿಲ್ಲುವ ಒಬ್ಬನ ಕಣ್ಣು ಹಳದಿಯಾಗಿತ್ತು. ಅವನ ಜೊತೆಯವರು ಮಾಲೆಯವನ ವಿಳಾಸವನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದರು. ಏಪ್ರನ್ನಿನಲ್ಲೇ ಅವನನ್ನು ರಿಕ್ಷಾಕ್ಕೆ ಹತ್ತಿಸಿ ಆಸ್ಪತ್ರೆಗೆ ಒಯ್ದೆ. ರಿಪೋರ್ಟ್ ಬಂದ ದಿನ ನನ್ನ ಮಗಳು, ಕಾಲೇಜಿನಲ್ಲಿ ಓದುವವಳು, ನನ್ನ ಕೈಯಿಂದ ತೆಗೆದುಕೊಂಡು ಓದಿದಳು.

"ಹೆಪಟೈಟಿಸ್ ಮತ್ಲಬ್ ಪೀಲಿಯಾ ಹೀ ನಾ, ಪಪ್ಪಾ?"

ಎರಡೂ ಒಂದೇ ತಾನೇ ಎಂದು ಹಿಂದಿಯಲ್ಲಿ ಕೇಳಿದವಳಿಗೆ ನಾನು ಅಲ್ಲ ಎಂದೆ. ಪೀಲಿಯಾ ಎಂದರೆ ಹೊಗೆ ಎಂದು ಹೇಳತೊಡಗಿ, ನಡುವೆಯೇ ಎದ್ದು ನೀರಿನ ಹಂಡೆಯ ಮುಚ್ಚಳ ತೆಗೆದು ಕುದಿಯುತ್ತಿದೆಯೇ ಎಂದು ನೋಡಿದೆ.

ಈಗ ನನ್ನಲ್ಲಿ ಇರುವುದು ಇಷ್ಟು. ಭಾಂಡುಪದಲ್ಲಿ ಒಂದು ಖಾನಾವಳಿ, ಗೋರೆಗಾಂವದಲ್ಲಿ ಇನ್ನೊಂದು. ಕೆಲಸಕ್ಕೆ ಹದಿಮೂರು ಜನ. ನೀರು ಕಾಯಿಸುವ ಹಂಡೆ ನಾಲ್ಕು. ಹೆಂಡತಿ, ಒಬ್ಬ ಮಗಳು. ಅವ್ವ ಇದ್ದಾಳೆ. ತಪ್ಪಿಲ್ಲದೆ ಬರೆಯಲು ಬರುವ ಇಂಗ್ಲಿಷ್ ಶಬ್ದ ಒಂದು. ತಂಗಿ ಇಲ್ಲ. ಒಂದು ಶುಕ್ರವಾರ, ಒಂದು ಶನಿವಾರ.